ಎರಡನೇ ಕೀ ಎಲ್ಲಿದೆ?

ಕಡಲೆಕಾಯಿ ಪರಿಷೆಯ ಸೋಮವಾರ ರಾತ್ರಿ ಎಂಟೂವರೆಗೆ ಫೋನ್ ಬಂತು.

"ಅಣ್ಣಾ, ಕಾರ್ ಕೀ ಕಳೆದುಹೋಗಿದೆ. ಪರಿಷೆಯಲ್ಲಿ ಎಲ್ಲೋ ಬಿದ್ದುಹೋಯ್ತು. ಎರಡು ಸಲ ವಾಪಸ್ ಹೋಗಿ ಹುಡುಕಿದ್ವಿ, ಸಿಗ್ಲಿಲ್ಲ." ಹಿಂದುಗಡೆ ಪೀಪಿ ಊದುವ ಸದ್ದು, ಮಗು ಅಳುವ ಸದ್ದು.

ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆಯನ್ನೇ ಅವರಿಗೂ ಕೇಳಿದೆ. "ಎರಡನೇ ಕೀ ಎಲ್ಲಿದೆ ಮೇಡಂ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ ಅಣ್ಣಾ. ಗಾಡಿ ಸೆಕೆಂಡ್ ಹ್ಯಾಂಡ್. ತಗೊಂಡಾಗಲೇ ಒಂದೇ ಕೀ ಕೊಟ್ಟಿದ್ರು."

ಹದಿನಾರು ವರ್ಷದಿಂದ ಹನುಮಂತನಗರದಲ್ಲಿ ಕೀ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಉತ್ತರ ವಾರಕ್ಕೆ ಎರಡು ಸಲವಾದರೂ ಕಿವಿಗೆ ಬೀಳುತ್ತದೆ. ಬಿದ್ದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ. ಒಂದು ಕೀ ಕೈಯಲ್ಲಿದ್ದಾಗ ಇನ್ನೊಂದು ಮಾಡಿಸುವುದು ಅರ್ಧ ಗಂಟೆಯ ಕೆಲಸ. ಒಂದೂ ಇಲ್ಲದಾಗ ಅದೇ ಕೆಲಸಕ್ಕೆ ರಾತ್ರಿಯ ನಿದ್ದೆ ಹೋಗುತ್ತದೆ, ದುಡ್ಡೂ ಎರಡು ಮೂರು ಪಟ್ಟು ಆಗುತ್ತದೆ. ಈ ವಿಷಯ ಜನರಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ನಮ್ಮ ಸೋದರಮಾವ. ಕೆ.ಆರ್. ಮಾರ್ಕೆಟ್ ಹತ್ತಿರ ಫುಟ್‌ಪಾತ್ ಮೇಲೆ ಒಂದು ಮರದ ಪೆಟ್ಟಿಗೆ, ನಾಲ್ಕು ಅರ, ಒಂದು ಗೊಂಚಲು ಬ್ಲಾಂಕ್, ಅಂದರೆ ಇನ್ನೂ ಹಲ್ಲು ಕೊರೆಯದ ಕೀ, ಇಟ್ಟುಕೊಂಡು ಕೂರುತ್ತಿದ್ದರು. ಅವರ ಬಾಯಲ್ಲಿ ಅದು ಕೀ ಅಲ್ಲ, ಬೀಗದ ಕೈ. ಅಂಬಾಸಿಡರ್ ಇರಲಿ, ಮಾರುತಿ 800 ಇರಲಿ, ಬ್ಲಾಂಕನ್ನು ಬೀಗದೊಳಗೆ ಹಾಕಿ ಬಿಗಿಯಾಗಿ ತಿರುಗಿಸಿ ಹೊರಗೆ ತೆಗೆಯುವರು. ಬಿಸಿಲಿಗೆ ಹಿಡಿದು ನೋಡುವರು. ಹಿತ್ತಾಳೆಯ ಮೇಲೆ ಎಲ್ಲಿ ಕೂದಲೆಳೆಯಷ್ಟು ಗುರುತು ಬಿದ್ದಿದೆಯೋ ಅಲ್ಲಿ ಒಂದೆರಡು ಸಲ ಅರ ಆಡಿಸುವರು. ಮತ್ತೆ ಹಾಕುವರು, ಮತ್ತೆ ನೋಡುವರು. ಕೊನೆಗೆ ಕೀ ತಿರುಗಿದರೆ ಮುಗಿಯಿತು, ಗಾಡಿ ಸ್ಟಾರ್ಟ್.

ಈಗ ಹಾಗಿಲ್ಲ. ಕಬ್ಬಿಣದ ಭಾಗ ಎಷ್ಟೇ ಚೆನ್ನಾಗಿ ಕಟ್ ಮಾಡಿದರೂ ಬೀಗ ತಿರುಗುತ್ತದೆ ಅಷ್ಟೇ, ಇಂಜಿನ್ ಓಡುವುದಿಲ್ಲ. ಕಾರಿನೊಳಗೆ ಇಮ್ಮೊಬಿಲೈಸರ್ ಅಂತ ಒಂದು ವ್ಯವಸ್ಥೆ ಇದೆ, ತನಗೆ ಗೊತ್ತಿರುವ ಕೀ ಅಲ್ಲದಿದ್ದರೆ ಅದು ಇಂಜಿನ್ ಓಡಲು ಬಿಡುವುದಿಲ್ಲ. ಜರ್ಮನಿ, ಬ್ರಿಟನ್ ಎರಡೂ ಕಡೆ 1998ರಲ್ಲೇ ಹೊಸ ಕಾರುಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿದರು. ನಮ್ಮ ರಸ್ತೆಯಲ್ಲಿ ಓಡುವ ಸಾಧಾರಣ ಹ್ಯಾಚ್‌ಬ್ಯಾಕ್‌ಗಳಲ್ಲೂ ಈಗ ಇದ್ದೇ ಇದೆ. ಕಳ್ಳನಿಗೆ ಕಷ್ಟ ಕೊಡುವ ಈ ವ್ಯವಸ್ಥೆ ಕೀ ಕಳೆದುಕೊಂಡ ಮಾಲೀಕರಿಗೂ ಅಷ್ಟೇ ಕಷ್ಟ ಕೊಡುತ್ತದೆ. ಅದು ತಪ್ಪಲ್ಲ. ಗಾಡಿಗೆ ನಿಮ್ಮ ಮುಖ ಗೊತ್ತಿಲ್ಲ, ಕೀ ಮಾತ್ರ ಗೊತ್ತು.

ನಿಮ್ಮ ಕೈಲಿರುವ ಮಡಚುವ ಫ್ಲಿಪ್ ಕೀ ನೋಡಲು ಒಂದೇ ವಸ್ತು. ಒಳಗೆ ಮೂರು ಬೇರೆ ಬೇರೆ ವಸ್ತುಗಳಿವೆ. ಇದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ.

ಒಂದು, ಬ್ಲೇಡ್. ಬೀಗ ತಿರುಗಿಸುವ ಲೋಹದ ಭಾಗ.

ಎರಡು, ರಿಮೋಟ್. ಲಾಕ್, ಅನ್‌ಲಾಕ್ ಬಟನ್ ಇರುವ ಚಿಕ್ಕ ಹಸಿರು ಬೋರ್ಡ್. ಇದಕ್ಕೆ ಬ್ಯಾಟರಿ ಬೇಕು. ಒತ್ತಿದಾಗ ರೇಡಿಯೋ ಸಿಗ್ನಲ್ ಕಳಿಸುತ್ತದೆ. ನಾನು ನೋಡುವ ರಿಮೋಟ್‌ಗಳಲ್ಲಿ ಹೆಚ್ಚಿನವು 433 ಮೆಗಾಹರ್ಟ್ಸ್.

ಮೂರನೆಯದೇ ಚಿಪ್. ಬಹಳ ಜನ ಇದನ್ನು ಜೀವನದಲ್ಲಿ ಒಮ್ಮೆಯೂ ನೋಡಿರುವುದಿಲ್ಲ. ಕಪ್ಪು ಬಣ್ಣದ ತುಂಡು. ಹುಣಸೆ ಬೀಜದಷ್ಟು ಉದ್ದ, ಅದಕ್ಕಿಂತ ಸಪೂರ. ಅದರ ಮೇಲೆ ಬಟನ್ ಇಲ್ಲ, ವೈರ್ ಇಲ್ಲ, ಬರಹವೂ ಕಾಣುವುದಿಲ್ಲ. ಕೇಸ್‌ನ ಒಂದು ಮೂಲೆಯಲ್ಲಿ ಅದಕ್ಕೇ ಅಂತ ಮಾಡಿದ ಗೂಡಿನಲ್ಲಿ ಅಂಟಿಕೊಂಡು ಕೂತಿರುತ್ತದೆ. ಕೆಲವು ಗಾಜಿನ ಕೊಳವೆಯ ಹಾಗಿರುತ್ತವೆ. ಇನ್ನು ಕೆಲವು ಕೀಗಳಲ್ಲಿ ರಿಮೋಟ್ ಬೋರ್ಡ್ ಮೇಲೇ ಸೇರಿಸಿರುತ್ತಾರೆ.

ಈ ಚಿಪ್‌ಗೆ ಬ್ಯಾಟರಿ ಬೇಡ. ಇಗ್ನಿಷನ್ ಬೀಗದ ಸುತ್ತ ತಾಮ್ರದ ತಂತಿ ಸುತ್ತಿದ ಒಂದು ಉಂಗುರ ಇರುತ್ತದೆ. ಕೀ ತಿರುಗಿಸಿದ ತಕ್ಷಣ ಆ ಉಂಗುರ 125 ಕಿಲೋಹರ್ಟ್ಸ್‌ನ ಅಲೆ ಹೊರಡಿಸುತ್ತದೆ. ಚಿಪ್ ತನಗೆ ಬೇಕಾದ ಕರೆಂಟನ್ನು ಆ ಅಲೆಯಿಂದಲೇ ತೆಗೆದುಕೊಂಡು, "ನಾನು ಈ ಮನೆಯವನೇ" ಅಂತ ಗುಟ್ಟಿನ ಭಾಷೆಯಲ್ಲಿ ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಇಂಜಿನ್ ಓಡುತ್ತದೆ. ಇಲ್ಲದಿದ್ದರೆ ಕೆಲವು ಗಾಡಿ ಕ್ರ್ಯಾಂಕ್ ಕೂಡ ಆಗುವುದಿಲ್ಲ, ಅಂದರೆ ಇಂಜಿನ್ ತಿರುಗುವುದೇ ಇಲ್ಲ. ಕೆಲವು ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ನಿಂತುಬಿಡುತ್ತವೆ. ಮೀಟರ್ ಬೋರ್ಡಿನಲ್ಲಿ ಬೀಗದ ಗುರುತೋ ಕೀ ಗುರುತೋ ಮಿಣುಕುತ್ತಿರುತ್ತದೆ.

ಅದಕ್ಕೇ ರಿಮೋಟ್ ಬ್ಯಾಟರಿ ಹೋದರೂ ಇಂತಹ ಕೀಯಿಂದ ಗಾಡಿ ಸ್ಟಾರ್ಟ್ ಆಗುತ್ತದೆ. ಬ್ಲೇಡ್‌ನಿಂದ ಬಾಗಿಲು ತೆಗೆಯಿರಿ, ಕೂತು ಕೀ ತಿರುಗಿಸಿ. ಬ್ಯಾಟರಿ ಹೋಯಿತು ಅಂತ ಗಾಬರಿಯಾಗಿ ಟೋಯಿಂಗ್ ಗಾಡಿ ಕರೆಸಿದವರನ್ನು ನೋಡಿದ್ದೇನೆ. ನೂರು ರೂಪಾಯಿಯೊಳಗೆ ಮುಗಿಯುವ ಕೆಲಸ ಅದು.

ಹೋದ ವರ್ಷ ಶ್ರೀನಗರದ ಒಬ್ಬ ಹುಡುಗ ಬಂದಿದ್ದ. ಅವನ ಕೀಯ ಬಟನ್ ರಬ್ಬರ್ ಹರಿದುಹೋಗಿತ್ತು. ಆನ್‌ಲೈನ್‌ನಲ್ಲಿ ಮುನ್ನೂರು ರೂಪಾಯಿಯ ಖಾಲಿ ಕೇಸ್ ತರಿಸಿ, ಬಹಳ ಜೋಪಾನವಾಗಿ ಬ್ಲೇಡ್ ಬಿಚ್ಚಿ, ಬೋರ್ಡ್ ತೆಗೆದು ಹೊಸದಕ್ಕೆ ಕೂರಿಸಿದ್ದ. ಬಟನ್ ಒತ್ತಿದರೆ ಬಾಗಿಲು ತೆಗೆಯಿತು. ಸಂತೋಷದಿಂದ ಹಳೇ ಕೇಸನ್ನು ನೀಲಿ ಬುಟ್ಟಿಗೆ ಹಾಕಿದ. ಮಾರನೇ ದಿನ ಬೆಳಿಗ್ಗೆ ಒಣ ಕಸದ ಗಾಡಿ ಬಂದು ತೆಗೆದುಕೊಂಡು ಹೋಯಿತು. ಆಮೇಲೆ ಆಫೀಸಿಗೆ ಹೊರಟರೆ ಕಾರ್ ಸ್ಟಾರ್ಟ್ ಆಗಿ ನಿಲ್ಲುತ್ತದೆ, ಸ್ಟಾರ್ಟ್ ಆಗಿ ನಿಲ್ಲುತ್ತದೆ. ಮೆಕ್ಯಾನಿಕ್ ಬಂದು ಫ್ಯುಯೆಲ್ ಪಂಪ್ ಇರಬಹುದು ಅಂದನಂತೆ.

ನನ್ನ ಹತ್ತಿರ ಬಂದಾಗ ಹೊಸ ಕೇಸ್ ಬಿಚ್ಚಿ ನೋಡಿದೆ. ಚಿಪ್ ಕೂರುವ ಗೂಡು ಖಾಲಿ. "ಹಳೇ ಕೇಸ್ ಎಲ್ಲಪ್ಪಾ?" ಅಂದೆ. ಅವನ ಮುಖ ಇಳಿದುಹೋಯಿತು. ಪುಣ್ಯಕ್ಕೆ ಎರಡನೇ ಕೀ ಅವರಮ್ಮನ ಬೀರುವಿನಲ್ಲಿತ್ತು. ಅದು ಇದ್ದದ್ದರಿಂದ ಹೊಸ ಚಿಪ್ ಹಾಕಿ ಗಾಡಿಗೆ ಸೇರಿಸಲು ಇಪ್ಪತ್ತು ನಿಮಿಷವೂ ಆಗಲಿಲ್ಲ.

ಕೇಸ್ ನೀವೇ ಬದಲಾಯಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಹಳೆಯದನ್ನು ಮಾತ್ರ ಒಂದು ತಿಂಗಳು ಎಸೆಯಬೇಡಿ.

ಪರಿಷೆಯ ರಾತ್ರಿಗೆ ವಾಪಸ್ ಬರುತ್ತೇನೆ.

ಅವರ ಮನೆ ಕೆಂಗೇರಿಯಲ್ಲಿ. ನಾದಿನಿಯ ಮನೆ ಎನ್.ಆರ್. ಕಾಲೊನಿಯಲ್ಲಿ. ಅಲ್ಲಿ ಕಾರ್ ನಿಲ್ಲಿಸಿ, ಎಲ್ಲರೂ ನಡೆದುಕೊಂಡು ದೊಡ್ಡ ಗಣಪತಿ, ಬಸವಣ್ಣನ ದರ್ಶನಕ್ಕೆ ಹೋಗಿದ್ದರು. ಕಾರ್ತಿಕದ ಕೊನೇ ಸೋಮವಾರ ಆ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾಲ ಕೆಳಗೆ ಬರೀ ಕಡಲೆಕಾಯಿ ಸಿಪ್ಪೆ. ಅದರಲ್ಲಿ ಕೀ ಹುಡುಕುವುದು ಆಗದ ಮಾತು. ನನ್ನ ಓಮ್ನಿಯಲ್ಲಿ ಬೇರೆ ದಿನ ಹತ್ತು ನಿಮಿಷದ ದಾರಿಗೆ ಅಂದು ನಲವತ್ತು ನಿಮಿಷ ಹಿಡಿಯಿತು.

ಹೋದ ತಕ್ಷಣ ಕಾರ್ ಮುಟ್ಟುವುದಿಲ್ಲ. ಮೊದಲು ಆರ್.ಸಿ. ನೋಡಬೇಕು. ಇದು ಮಾವ ಕಲಿಸಿದ ನಿಯಮ, ಅವರ ಕಾಲದಲ್ಲಿ ಕಾಗದ, ಈಗ ಡಿಜಿಲಾಕರ್. ಆರ್.ಸಿ. ಅವರ ಯಜಮಾನರ ಹೆಸರಿನಲ್ಲಿತ್ತು. ಅವರು ಕೆಲಸದ ಮೇಲೆ ಹೊಸಪೇಟೆಗೆ ಹೋಗಿದ್ದರು. ವಿಡಿಯೋ ಕಾಲ್ ಮಾಡಿಸಿದೆ. ಅವರು ತಮ್ಮ ಡಿಜಿಲಾಕರ್‌ನಿಂದ ಆರ್.ಸಿ. ಕಳಿಸಿದರು, ಲೈಸೆನ್ಸ್ ತೋರಿಸಿದರು. ಆರ್.ಸಿ.ಯಲ್ಲಿರುವ ಚಾಸಿ ನಂಬರನ್ನು ಟಾರ್ಚ್ ಹಿಡಿದು ಗಾಡಿಯ ಮೇಲಿನದಕ್ಕೆ ತಾಳೆ ನೋಡಿದೆ. ಆ ಹೊತ್ತಲ್ಲಿ ಅವರಿಗೆ ಬೇಸರ ಆಗಿರಬಹುದು. ಮಗು ನಿದ್ದೆಗೆ ಜಾರುತ್ತಿತ್ತು. ಆದರೂ ಇದನ್ನು ಬಿಡುವ ಹಾಗಿಲ್ಲ. ನನ್ನ ಚೀಲದಲ್ಲಿರುವ ಟೂಲ್‌ನಿಂದ ಯಾರ ಕಾರಿಗೆ ಬೇಕಾದರೂ ಕೀ ಮಾಡಬಹುದು ಅಂದಮೇಲೆ, ಯಾರಿಗೆ ಮಾಡಬಾರದು ಅನ್ನುವುದೂ ನನ್ನ ಕೆಲಸವೇ. ಫ್ರೆಂಡ್ ಗಾಡಿ, ಪೇಪರ್ ಆಮೇಲೆ ತೋರಿಸ್ತೀನಿ ಅಂತ ಡಬಲ್ ರೇಟ್ ಹೇಳಿದವರನ್ನೂ ವಾಪಸ್ ಕಳಿಸಿದ್ದೇನೆ. ನಿಮ್ಮ ಹತ್ತಿರ ಪೇಪರ್ ಕೇಳದೆ ಕೀ ಮಾಡಿಕೊಡುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಬಾಗಿಲಿನ ಬೀಗಕ್ಕೆ ಲಿಶಿ ಹಾಕಿದೆ. ಅದು ತೆಳ್ಳಗಿನ ಒಂದು ಟೂಲ್. ಬೀಗದೊಳಗೆ ತಗಡಿನ ಚೂರುಗಳು ಸಾಲಾಗಿ ಇರುತ್ತವೆ. ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡುತ್ತಾ ಹೋದರೆ ಒಂದೊಂದರ ಆಳ ಟೂಲ್ ಮೇಲಿನ ಗೆರೆಯಲ್ಲಿ ಗೊತ್ತಾಗುತ್ತದೆ. ಕಣ್ಣಿಗೆ ಇಲ್ಲಿ ಕೆಲಸವಿಲ್ಲ, ಎಲ್ಲ ಬೆರಳ ತುದಿಯದು. ಮಾವ ಹಿತ್ತಾಳೆ ಗುರುತು ನೋಡುತ್ತಿದ್ದರಲ್ಲ, ಅದೇ ವಿದ್ಯೆ ಇಲ್ಲಿ ಬೇರೆ ರೂಪದಲ್ಲಿದೆ. ಅರ್ಧ ಗಂಟೆಯಲ್ಲಿ ಬಾಗಿಲು ತೆಗೆಯಿತು, ಅಂಕಿಗಳೂ ಸಿಕ್ಕವು. ಓಮ್ನಿಯ ಹಿಂದೆ ಇರುವ ಕಟಿಂಗ್ ಮಷೀನ್‌ಗೆ ಆ ಅಂಕಿ ಕೊಟ್ಟು ಬ್ಲೇಡ್ ಕಟ್ ಮಾಡಿದೆ.

ಇಲ್ಲೊಂದು ಮಾತು ಹೇಳಬೇಕು. ಹೊಸ ಕಾರ್ ತಗೊಂಡಾಗ ಕೀ ಜೊತೆ ನಂಬರ್ ಇರುವ ಚಿಕ್ಕ ಟ್ಯಾಗ್ ಕೊಡುತ್ತಾರೆ. ಅದನ್ನು ಎಸೆಯಬೇಡಿ. ಆ ನಂಬರ್ ಇದ್ದರೆ ಫ್ಯಾಕ್ಟರಿಯಲ್ಲಿ ಮಾಡಿದ ಅಳತೆಗೇ ಬ್ಲೇಡ್ ಕಟ್ ಮಾಡಬಹುದು. ಹತ್ತು ವರ್ಷ ಸವೆದ ಕೀ ನೋಡಿ ಕಾಪಿ ಮಾಡಿದರೆ ಸವೆತವೂ ಕಾಪಿ ಆಗುತ್ತದೆ. ಕಾಪಿಯ ಕಾಪಿ ಮಾಡಿದರೆ ಬೀಗದಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ಯಾಗಿನ ಫೋಟೋ ತೆಗೆದಿಟ್ಟುಕೊಳ್ಳಿ, ಆದರೆ ಯಾರಿಗೂ ಕಳಿಸಬೇಡಿ. ನಂಬರ್ ಸಿಕ್ಕರೆ ಯಾರು ಬೇಕಾದರೂ ನಿಮ್ಮ ಬಾಗಿಲಿನ ಕೀ ಮಾಡಿಸಿಕೊಳ್ಳಬಹುದು.

ಬ್ಲೇಡ್ ತಿರುಗಿತು, ಇಗ್ನಿಷನ್ ಆನ್ ಆಯಿತು, ಬೀಗದ ದೀಪ ಮಿಣುಕಿತು. ಇನ್ನು ಪ್ರೋಗ್ರಾಮಿಂಗ್, ಅಂದರೆ ಹೊಸ ಚಿಪ್ಪನ್ನು ಗಾಡಿಗೆ ಪರಿಚಯ ಮಾಡಿಸುವುದು. ಸ್ಟೀರಿಂಗ್ ಕೆಳಗೆ ಹದಿನಾರು ಪಿನ್‌ನ ಒಬಿಡಿ ಸಾಕೆಟ್ ಇರುತ್ತದೆ. ಸರ್ವಿಸ್‌ಗೆ ಬಿಟ್ಟಾಗ ಕಂಪ್ಯೂಟರ್ ಹಾಕಿ ನೋಡುತ್ತಾರಲ್ಲ, ಅದೇ ಜಾಗ. ಅಲ್ಲಿ ಟೂಲ್ ಚುಚ್ಚುವ ಮೊದಲು ಕಾರಿನ ಬ್ಯಾಟರಿ ವೋಲ್ಟ್ ನೋಡಿದೆ. 11.8 ತೋರಿಸಿತು, ಕಡಿಮೆ. ಮಗುವಿಗೆ ಗಾಳಿ ಬರಲಿ ಅಂತ ಬಾಗಿಲು ತೆಗೆದೇ ಇಟ್ಟಿದ್ದರು, ಒಳಗಿನ ಲೈಟ್ ಉರಿಯುತ್ತಲೇ ಇತ್ತು. ಇಂಥ ಬ್ಯಾಟರಿಯಲ್ಲಿ ಕೆಲಸ ಶುರುಮಾಡಿ, ಮಧ್ಯದಲ್ಲಿ ವೋಲ್ಟ್ ಬಿದ್ದರೆ ಗಾಡಿಯ ಕಂಟ್ರೋಲ್ ಯೂನಿಟ್ಟೇ ಕೈಕೊಡಬಹುದು. ಓಮ್ನಿಯನ್ನು ಪಕ್ಕಕ್ಕೆ ತಂದು ಜಂಪ್ ಕೇಬಲ್ ಹಾಕಿದೆ.

ಹೊಸ ಕೀ ಸೇರಿಸಲು ಗಾಡಿ ಕೇಳುವ ಗುಟ್ಟಿನ ನಂಬರಿಗೆ ಪಿನ್ ಕೋಡ್ ಅನ್ನುತ್ತೇವೆ. ಈ ಗಾಡಿಯದು ಒಬಿಡಿಯಿಂದಲೇ ಓದಲು ಬಂತು. ಎಲ್ಲ ಗಾಡಿಯಲ್ಲೂ ಬರುವುದಿಲ್ಲ. ಕೆಲವದರಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಿ, ಇಮ್ಮೊಬಿಲೈಸರ್ ಡಬ್ಬಿ ತೆಗೆದು, ಅದರೊಳಗಿನ ಎಂಟು ಕಾಲಿನ ಮೆಮೊರಿ ಐಸಿಯಿಂದ ಓದಬೇಕು. ಆಗ ಖರ್ಚೂ ಜಾಸ್ತಿ, ಸಮಯವೂ ಜಾಸ್ತಿ. ಊಹೆ ಮೇಲೆ ತಪ್ಪು ಪಿನ್ ಎರಡು ಮೂರು ಸಲ ಹೊಡೆದರೆ ಗಾಡಿ ಮುನಿಸಿಕೊಂಡು ಸ್ವಲ್ಪ ಹೊತ್ತು ಯಾರ ಮಾತೂ ಕೇಳುವುದಿಲ್ಲ.

ಪಿನ್ ಕೊಟ್ಟ ಮೇಲೆ ಮೆಮೊರಿಯಲ್ಲಿದ್ದ ಹಳೇ ಕೀಯನ್ನು ಅಳಿಸಿದೆ. ಹೊಸ ಕೀ ಒಂದು ಸೇರಿಸಿದೆ. ಆಫ್ ಮಾಡಿ ಎರಡನೆಯದನ್ನು ಹಾಕಿ ಅದನ್ನೂ ಸೇರಿಸಿದೆ. ಆ ಮೇಡಂಗೆ ಒಂದು ಸಂಶಯ ಇತ್ತು. "ಕಳೆದ ಕೀ ಯಾರಿಗಾದ್ರೂ ಸಿಕ್ರೆ ಗಾಡಿ ತಗೊಂಡು ಹೋಗ್ತಾರಾ ಅಣ್ಣಾ?"

ಇದಕ್ಕೆ ಸರಿಯಾದ ಉತ್ತರ ಕೊಡದೆ ಬಿಡಬಾರದು. ಅಳಿಸಿದ ಕೀಯಿಂದ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಆದರೆ ಬೀಗ ಅದೇ, ಬ್ಲೇಡ್ ಅದೇ. ಬಾಗಿಲು ತೆಗೆಯುತ್ತದೆ. ಅದಕ್ಕೇ ಕಾರೊಳಗೆ ಲ್ಯಾಪ್‌ಟಾಪ್, ಪರ್ಸು, ಆರ್.ಸಿ. ಬಿಡಬೇಡಿ ಅಂದೆ. ಕೀಯನ್ನು ಮನೆಯ ಹತ್ತಿರವೇ ಕಳೆದುಕೊಂಡವರಿಗೆ ಬೀಗವನ್ನೇ ಬದಲಾಯಿಸಿ ಅನ್ನುತ್ತೇನೆ. ಕೆಂಗೇರಿಯ ಗಾಡಿಗೆ ಬಸವನಗುಡಿಯ ಸಿಪ್ಪೆ ರಾಶಿಯಲ್ಲಿ ಬಿದ್ದ ಕೀಯಿಂದ ಅಷ್ಟು ಭಯವಿಲ್ಲ. ಕಳೆದ ವಸ್ತುಗಳ ದೂರಿಗೆ ಪೊಲೀಸರು ಮಾಡಿರುವ ಇ-ಲಾಸ್ಟ್‌ನಲ್ಲಿ ಒಂದು ದೂರು ಹಾಕಿಡಿ ಅಂತಲೂ ಹೇಳಿದೆ. ಇನ್ಶೂರೆನ್ಸ್‌ನಲ್ಲಿ ಕೀ ರಿಪ್ಲೇಸ್‌ಮೆಂಟ್ ಆಡ್-ಆನ್ ಇದ್ದರೆ ಆ ಪೇಪರ್, ನನ್ನ ಬಿಲ್ ಎರಡೂ ಬೇಕಾಗುತ್ತವೆ. ಇನ್ನೊಂದು ವಿಷಯ, ಗಾಡಿಯೇ ಕಳುವಾದರೆ ಇನ್ಶೂರೆನ್ಸ್‌ನವರು ಎರಡೂ ಕೀ ಕೊಡಿ ಅಂತ ಕೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವಾಗ ಟೈರ್ ಒದ್ದು, ಬಾನೆಟ್ ಎತ್ತಿ ನೋಡುತ್ತೇವೆ. ಎರಡನೇ ಕೀ ಎಲ್ಲಿ ಅಂತ ಕೇಳುವವರು ಕಡಿಮೆ. ಕೇಳಿ. ಇಲ್ಲ ಅಂದರೆ ಆ ಖರ್ಚನ್ನು ರೇಟಿನಲ್ಲಿ ಕಡಿಮೆ ಮಾಡಿಸಿ, ಅದೇ ವಾರ ಮಾಡಿಸಿಕೊಳ್ಳಿ. ಮಾಡಿಸುವಾಗ ಹಳೇ ಮಾಲೀಕರ ಕೀಗಳನ್ನೆಲ್ಲ ಅಳಿಸಿ ಅಂತಲೂ ಹೇಳಿ.

ಬಟನ್ ಸ್ಟಾರ್ಟ್ ಗಾಡಿಯವರು ಕೇಳುವುದು ಬೇರೆ. ಅವರ ಕೀಗೆ ಫಾಬ್ ಅನ್ನುತ್ತಾರೆ, ಅದು ಜೇಬಿನಲ್ಲೇ ಇರುತ್ತದೆ. ಹ್ಯಾಂಡಲ್ ಮುಟ್ಟಿದಾಗ ಕಾರ್ ಕೀಯನ್ನು ಕೂಗುತ್ತದೆ, ಕೀ ಓಗೊಡುತ್ತದೆ. ಅದರ ಬ್ಯಾಟರಿ ಪೂರ್ತಿ ಹೋದರೆ ಫಾಬ್‌ನೊಳಗೆ ಬಚ್ಚಿಟ್ಟಿರುವ ಚಿಕ್ಕ ಬ್ಲೇಡ್ ಎಳೆದು ಬಾಗಿಲು ತೆಗೆಯಿರಿ. ಬಹಳಷ್ಟು ಗಾಡಿಗಳಲ್ಲಿ ಫಾಬನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಇಂಜಿನ್ ಓಡುತ್ತದೆ. ನಿಮ್ಮ ಗಾಡಿಯಲ್ಲಿ ಎಲ್ಲಿ ತಾಗಿಸಬೇಕು ಅನ್ನುವುದು ಪುಸ್ತಕದಲ್ಲಿದೆ, ಇವತ್ತೇ ಒಂದು ಸಲ ಮಾಡಿ ನೋಡಿ.

ಈ ಕೂಗು-ಓಗೊಡುವಿಕೆಯನ್ನೇ ಕಳ್ಳರು ಯಂತ್ರದಿಂದ ದೂರಕ್ಕೆ ಹಾಯಿಸಿ, ಕೀ ಮನೆಯೊಳಗಿದ್ದರೂ ಕಾರ್ ತೆಗೆಯಬಹುದು. ಜ್ಯೂರಿಕ್‌ನ ಸಂಶೋಧಕರು 2011ರಲ್ಲೇ ಹತ್ತು ಕಾರುಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಅದಕ್ಕೇ ಫಾಬನ್ನು ಮುಂಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಡಿ. ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯಲ್ಲಿಡಿ. ಡಬ್ಬಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಕೀ ಹಾಕಿದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕಾರ್ ಪಕ್ಕ ನಿಂತು ಹ್ಯಾಂಡಲ್ ಮುಟ್ಟಿ. ತೆಗೆಯಿತು ಅಂದರೆ ಬೇರೆ ಡಬ್ಬಿ ಹುಡುಕಿ.

ಬ್ಯಾಟರಿ ವಿಷಯ ಬಂತಲ್ಲ, ಅಂಗಡಿಯಲ್ಲಿ ಜನ ಸುಮ್ನೆ "ರಿಮೋಟ್ ಸೆಲ್ ಕೊಡಿ" ಅನ್ನುತ್ತಾರೆ. ಹಳೆಯದರ ಮೇಲಿನ ನಂಬರ್ ಓದಿ. ಸಿಆರ್ 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 1620 ಅಂದರೆ 16 ಅಗಲ, 2 ದಪ್ಪ. 2032 ಜಾಗಕ್ಕೆ 2025 ಹಾಕಿದರೆ ಸಡಿಲ ಕೂತು, ಹೊಂಡಕ್ಕೆ ಗಾಡಿ ಇಳಿದಾಗೆಲ್ಲ ಕನೆಕ್ಷನ್ ಬಿಡುತ್ತದೆ. ಹಳೇ ಸೆಲ್ಲನ್ನು ಟೇಬಲ್ ಮೇಲೆ ಬಿಡಬೇಡಿ. ಚಿಕ್ಕ ಮಕ್ಕಳು ನುಂಗಿದರೆ ಗಂಟಲಿನೊಳಗೆ ಸುಡುತ್ತದೆ, ಜೀವಕ್ಕೇ ಅಪಾಯ. ನಮ್ಮ ಅಂಗಡಿಯಲ್ಲಿ ತೆಗೆದ ಪ್ರತಿ ಸೆಲ್ಲಿಗೂ ಟೇಪ್ ಸುತ್ತಿ ಡಬ್ಬಿಗೆ ಹಾಕುತ್ತೇನೆ.

ಆ ರಾತ್ರಿ ಎಲ್ಲ ಮುಗಿದಾಗ ಹನ್ನೊಂದು ಕಾಲು. ಎರಡು ಕೀ, ಬಾಗಿಲು ತೆಗೆದದ್ದು, ಅಲ್ಲಿಗೆ ಹೋದದ್ದು ಎಲ್ಲ ಸೇರಿ 9,500 ರೂಪಾಯಿ ಆಯಿತು. ಕಾರ್ ತಗೊಂಡ ವಾರವೇ ಒಂದು ಕೀ ಹಿಡಿದುಕೊಂಡು ಅಂಗಡಿಗೆ ಬಂದಿದ್ದರೆ 3,000ಕ್ಕೆ ಮುಗಿಯುತ್ತಿತ್ತು. ಇದನ್ನು ಅವರಿಗೂ ಹೇಳಿದೆ. ಬೇಜಾರು ಮಾಡಲು ಹೇಳಿದ್ದಲ್ಲ, ಇನ್ನು ನಾಲ್ಕು ಜನಕ್ಕೆ ಅವರು ಹೇಳಲಿ ಅಂತ.

ನಾದಿನಿ ಕಾಫಿ ಕೊಟ್ಟರು, ಜೊತೆಗೆ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ. ಕೀ ಕೊಡುವ ಮೊದಲು ನನ್ನದೊಂದು ಕ್ರಮ ಇದೆ. ಒಂದೊಂದು ಕೀಯಲ್ಲೂ ಮೂರು ಮೂರು ಸಲ ಸ್ಟಾರ್ಟ್ ಮಾಡಬೇಕು. ಬ್ಲೇಡ್ ಹಾಕಿ ಬಾಗಿಲು ತೆಗೆದು ನೋಡಬೇಕು. ರಿಮೋಟ್‌ನಲ್ಲಿ ಇಪ್ಪತ್ತು ಹೆಜ್ಜೆ ದೂರದಿಂದ ಲಾಕ್ ಆಗಬೇಕು. ಇನ್ನೊಂದು ಕೀಯನ್ನು ಆಗ ಗಾಡಿಯಿಂದ ದೂರ ಇಟ್ಟಿರಬೇಕು, ಯಾವ ಚಿಪ್‌ಗೆ ಗಾಡಿ ಒಪ್ಪಿತು ಅಂತ ಗೊತ್ತಾಗಬೇಕಲ್ವಾ. ಮೇಡಂ ಕೈಯಿಂದಲೇ ಇದನ್ನೆಲ್ಲ ಮಾಡಿಸಿದೆ.

ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಕಾರ್ ತಿರುಗಿಸಿಕೊಂಡು ಬೀದಿಯ ತುದಿವರೆಗೆ ಹೋದರು. ಅಲ್ಲಿ ಬ್ರೇಕ್ ಲೈಟ್ ಉರಿಯಿತು. ಏನೋ ತೊಂದರೆಯಾಯಿತು ಅಂದುಕೊಂಡು ನಾನು ಟೂಲ್ ಚೀಲ ಮತ್ತೆ ಎತ್ತಿಕೊಂಡೆ. ಅವರು ಇಳಿದು ನಡೆದು ಬಂದು, ಎರಡನೇ ಕೀಯನ್ನು ಬಾಗಿಲಲ್ಲಿ ನಿಂತಿದ್ದ ನಾದಿನಿಯ ಕೈಗೆ ಕೊಟ್ಟು, "ಇದು ನಿಮ್ಮ ಮನೇಲೇ ಇರ್ಲಿ" ಅಂತ ಹೇಳಿ ವಾಪಸ್ ಹೋದರು.